ಪಾಸ್‌ಬುಕ್ಕಿನ ಒಂದು ಸಾಲು

ನಮ್ಮ ಹುನ್ನೂರಿನ ಒಂದು ಮನೆಯ ಪಡಸಾಲೆಯಲ್ಲಿ ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ಹತ್ತರಿಂದ ಒಂದು ಗಂಟೆಯವರೆಗೆ ಮೂವರು ಮುದುಕರು ಕುಳಿತಿರುತ್ತೇವೆ. ಒಬ್ಬರು ಕನ್ನಡ ಶಾಲೆಯ ನಿವೃತ್ತ ಮಾಸ್ತರರು. ಮನೆ ಅವರದೇ. ಇನ್ನೊಬ್ಬರು ತಲಾಠಿಯಾಗಿದ್ದವರು, ಉತಾರ, ವಾಟ್ನಿ, ವಾರಸಾ ಎಂದರೆ ಅವರಿಗೆ ನೀರು ಕುಡಿದಷ್ಟು ಸುಲಭ. ಮೂರನೆಯವನು ನಾನು, ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಕ್ಲರ್ಕ್ ಆಗಿದ್ದು, ಕ್ಲರ್ಕ್ ಆಗಿಯೇ ನಿವೃತ್ತನಾದವನು.

ಪಡಸಾಲೆಯಲ್ಲಿ ಒಂದು ಮೇಜು, ನಾಲ್ಕು ಕುರ್ಚಿ, ನೆಲದ ಮೇಲೆ ಒಂದು ಜಮಖಾನೆ, ಒಂದು ಕೊಡ ನೀರು. ಬೋರ್ಡು ಇಲ್ಲ, ರಸೀದಿ ಪುಸ್ತಕ ಇಲ್ಲ, ಫೀ ಇಲ್ಲ. ಯಾರಿಗೆ ಕಾಗದಪತ್ರದ ತೊಡಕಿದೆಯೋ ಅವರು ಬರುತ್ತಾರೆ. ಪಗಾರ ನಿಂತುಹೋದ ಅಜ್ಜಿ, ಆಧಾರಿನಲ್ಲಿ ಹೆಸರು ತಪ್ಪಾದ ಹುಡುಗ, ಅಣ್ಣತಮ್ಮಂದಿರ ಹೊಲದ ವಾಟ್ನಿಯಲ್ಲಿ ಸಿಕ್ಕಿಬಿದ್ದವರು, ಮೊಬೈಲಿನಲ್ಲಿ ಹಣ ಕಳೆದುಕೊಂಡವರು. ಪಗಾರ ಎಂದರೆ ನಮ್ಮ ಕಡೆ ಸಂಬಳ ಒಂದೇ ಅಲ್ಲ, ಸರಕಾರದ ಪಿಂಚಣಿಯೂ ಪಗಾರವೇ.

"ರಿಟೈರ್ ಆದ ಮೇಲೆ ಇದೆಲ್ಲ ಯಾಕ ಬೇಕಾಗಿತ್ರಿ?" ಎಂದು ಕೇಳುವವರಿದ್ದಾರೆ. ಮೊದಮೊದಲು "ಹೊತ್ತು ಹೋಗಬೇಕಲ್ಲ" ಎನ್ನುತ್ತಿದ್ದೆ. ಈಗ ಹಾಗೆ ಹೇಳುವುದಿಲ್ಲ. ಯಾಕೆಂದರೆ ಈ ಪಡಸಾಲೆಯಲ್ಲಿ ನನ್ನ ಕೈಯಿಂದ ಒಂದು ತಪ್ಪಾಯಿತು. ಅದನ್ನು ಹಿಡಿದವಳು ಆರನೆಯ ಇಯತ್ತೆ ಮುಗಿಸಿದ ನನ್ನ ಮೊಮ್ಮಗಳು. ಆ ಸಂಗತಿಯನ್ನು ನಿಮ್ಮ ಮನೆಯವರೆಲ್ಲ ಕುಳಿತು ಓದಲಿ ಎಂದು ಬರೆಯುತ್ತಿದ್ದೇನೆ. ಬಂದವರ ಹೆಸರನ್ನು ಹೊರಗೆ ಹೇಳಬಾರದೆಂಬುದು ನಮ್ಮ ಮೊದಲ ಕರಾರು. ಆದ್ದರಿಂದ ಹೆಸರು ಬಿಟ್ಟಿದ್ದೇನೆ, ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಹಣದ ಲೆಕ್ಕ ಮಾತ್ರ ಇದ್ದದ್ದು ಇದ್ದ ಹಾಗೆ.

ಕೌಂಟರಿನ ಆಚೆ, ಈಚೆ

ಕರ್ನಾಟಕ ವಿಶ್ವವಿದ್ಯಾಲಯದ ಬಿ.ಕಾಂ. ಮುಗಿಸಿ ನಾನು ಬ್ಯಾಂಕು ಸೇರಿದಾಗ ಕಂಪ್ಯೂಟರ್ ಇರಲಿಲ್ಲ. ಎರಡು ಕೈಯಲ್ಲಿ ಎತ್ತಬೇಕಾದ ಲೆಜರುಗಳಿದ್ದವು. ಕೌಂಟರಿನ ಆಚೆ ಕಬ್ಬಿನ ಬಿಲ್ಲಿನ ಹಣಕ್ಕೆ ಬಂದ ರೈತರು, ರಬಕವಿ-ಬನಹಟ್ಟಿಯ ನೇಕಾರರು, ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡು ನಿಂತ ಮುದುಕಿಯರು. ಈಚೆ ನಾನು. ಸಾಲು ಉದ್ದ ಇರುತ್ತಿತ್ತು. ಬೇಗ ಬೇಗ ಕೆಲಸ ಮುಗಿಸುವವನೆಂದು ನನಗೆ ಹೆಸರಿತ್ತು. ಸ್ಲಿಪ್ ನೋಡು, ಸಹಿ ನೋಡು, ಲೆಜರ್ ನೋಡು, "ಮುಂದಿನವರು ಬರ್ರಿ" ಅನ್ನು.

ಆದರೆ ಸಾಲಿನಲ್ಲಿ ನಿಂತವರಿಗೆ ಕೇಳುವುದಿರುತ್ತಿತ್ತು. "ಸಾಹೇಬ್ರ, ಈ ಕಾಗದದಾಗ ಏನ್ ಬರದಾರ?" ಎಂದು ನೋಟೀಸು ಚಾಚುವವರು, "ನನ್ನ ಗಂಡ ಎಷ್ಟ ಸಾಲ ಮಾಡ್ಯಾನ್ರಿ?" ಎಂದು ಪಿಸುಗುಡುವವರು. ಹಿಂದೆ ನಿಂತವರು ಗದ್ದಲ ಮಾಡುತ್ತಿದ್ದರು. "ಸಂಜಿಗೆ ಬರ್ರಿ" ಎನ್ನುತ್ತಿದ್ದೆ. ಸಂಜೆಗೆ ಬಸ್ಸು ಹಿಡಿದು ಊರಿಗೆ ಹೋಗಬೇಕಾದವರು ಸಂಜೆಗೆ ಹೇಗೆ ಬಂದಾರು? 2012ರಲ್ಲಿ ನಿವೃತ್ತನಾದಾಗ ಶಾಲು ಹೊದಿಸಿದರು, ಗಡಿಯಾರ ಕೊಟ್ಟರು. ಆ "ಸಂಜಿಗೆ ಬರ್ರಿ" ಎಂಬ ಮಾತು ಮಾತ್ರ ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು.

2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಬಂದಳು. ಜಮಖಂಡಿ ತಾಲ್ಲೂಕಿನ ನದಿ ದಂಡೆಯ ಊರುಗಳು ನೀರಿನಲ್ಲಿ ನಿಂತವು. ನೀರು ಇಳಿದ ಮೇಲೆ ಜನ ಪರಿಹಾರದ ಅರ್ಜಿ ಹಿಡಿದು ಓಡಾಡತೊಡಗಿದರು. ಎಷ್ಟೋ ಮಂದಿಯ ರೇಷನ್ ಕಾರ್ಡು, ಪಾಸ್‌ಬುಕ್ಕು, ಉತಾರ ನೀರಿಗೆ ಹೋಗಿದ್ದವು. ಬ್ಯಾಂಕಿನ ಕಾಗದಕ್ಕೆ ನಾನು, ಹೊಲದ ಕಾಗದಕ್ಕೆ ತಲಾಠಿಯವರು, ಅರ್ಜಿ ಬರೆಯಲು ಮಾಸ್ತರರು ಹೀಗೆ ಮೂವರೂ ಒಂದು ಕಡೆ ಕೂಡಿದೆವು. ಪೂರ ಹೋಯಿತು, ಪಡಸಾಲೆ ಉಳಿಯಿತು.

ಯುದ್ಧ ಶುರುವಾದ ಮರುದಿನ

ಇದೇನೋ ನಾವೇ ಕಂಡುಹಿಡಿದ ಹೊಸ ಕೆಲಸ ಎಂದು ನಾನು ತಿಳಿದಿದ್ದೆ. ಹಾಗಲ್ಲ ಎಂದು ಮಾಸ್ತರರು ಓದಿ ಹೇಳಿದರು. ಬ್ರಿಟನ್ ಎರಡನೆಯ ಮಹಾಯುದ್ಧ ಘೋಷಿಸಿದ್ದು 1939ರ ಸೆಪ್ಟೆಂಬರ್ 3ರಂದು. ಮರುದಿನವೇ, ಸೆಪ್ಟೆಂಬರ್ 4ರಂದು, ಅಲ್ಲಿ ಸಿಟಿಜನ್ಸ್ ಅಡ್ವೈಸ್ ಬ್ಯೂರೊ ಎಂಬ ಹೆಸರಿನ 200 ಸಲಹಾ ಕೇಂದ್ರಗಳು ಬಾಗಿಲು ತೆರೆದವು. ನಡೆಸಿದವರು ಊರಿನ ಸಾಮಾನ್ಯ ಜನ, ಸಂಬಳವಿಲ್ಲದ ಸ್ವಯಂಸೇವಕರು. ರೇಷನ್ ಪುಸ್ತಕ ಕಳೆದುಕೊಂಡವರು, ಮನೆಯವರು ಎಲ್ಲಿದ್ದಾರೆಂದು ತಿಳಿಯದವರು, ದುಡಿಯುವ ಗಂಡಸು ಸೈನ್ಯಕ್ಕೆ ಹೋಗಿ ಸಾಲ ತೀರಿಸಲಾಗದವರು ಅಲ್ಲಿಗೆ ಬರುತ್ತಿದ್ದರು. ಕುದುರೆ ಸಾಗಿಸುವ ಒಂದು ಗಾಡಿಯನ್ನೇ ಕಚೇರಿ ಮಾಡಿಕೊಂಡು ಬಾಂಬು ಬಿದ್ದ ಕಡೆಗೇ ಹೋಗಿ ಜನರಿಗೆ ಸಹಾಯ ಮಾಡಿದ್ದೂ ಉಂಟು. ಯುದ್ಧ ಮುಗಿದು ಎಂಬತ್ತು ವರ್ಷವಾದರೂ ಆ ಸಂಸ್ಥೆ ಇಂದಿಗೂ ಸಾವಿರಾರು ಸ್ವಯಂಸೇವಕರಿಂದ ನಡೆಯುತ್ತಿದೆ.

ಅವರಿಗೆ ಯುದ್ಧ, ನಮಗೆ ಪೂರ. ಕಷ್ಟ ಬಂದಾಗ ಮನುಷ್ಯನಿಗೆ ಅನ್ನ ಬಟ್ಟೆಯ ಜೊತೆಗೆ "ಈಗ ಯಾವ ಕಚೇರಿಗೆ ಹೋಗಲಿ?" ಎಂಬ ಪ್ರಶ್ನೆಗೆ ಉತ್ತರವೂ ಬೇಕಾಗುತ್ತದೆ.

ನಮ್ಮ ದೇಶದಲ್ಲೂ ಇದಕ್ಕೆ ಕಾನೂನೇ ಇದೆ. ಬಡತನದ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದು ಎಂಬ ಮಾತು 1976ರಲ್ಲಿ ನಮ್ಮ ಸಂವಿಧಾನಕ್ಕೆ 39ಎ ವಿಧಿಯಾಗಿ ಸೇರಿತು. 1987ರಲ್ಲಿ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಬಂತು. ಅದು ಜಾರಿಯಾದದ್ದು 1995ರ ನವೆಂಬರ್ 9ರಂದು. ಅದಕ್ಕೇ ಪ್ರತಿ ವರ್ಷ ನವೆಂಬರ್ 9ನ್ನು ಕಾನೂನು ಸೇವಾ ದಿನವಾಗಿ ಆಚರಿಸುತ್ತಾರೆ. ಇದರಂತೆ ರಾಜ್ಯಕ್ಕೊಂದು, ಜಿಲ್ಲೆಗೊಂದು ಪ್ರಾಧಿಕಾರ. ತಾಲ್ಲೂಕಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿ. ಸಮಿತಿಯ ಕಚೇರಿ ಕೋರ್ಟಿನ ಆವರಣದಲ್ಲಿಯೇ ಇರುತ್ತದೆ. ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆಯ ಕಾರ್ಮಿಕರು, ಪ್ರವಾಹ ಭೂಕಂಪದಂಥ ವಿಪತ್ತಿಗೆ ಸಿಕ್ಕವರು ಇವರಿಗೆಲ್ಲ ವಕೀಲರ ನೆರವು ಉಚಿತ. ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ. ಹೊಲ ಅಡವಿಟ್ಟು ವಕೀಲರಿಗೆ ಫೀ ಕೊಟ್ಟವರನ್ನು ನಾನು ನೋಡಿದ್ದೇನೆ.

2009ರಲ್ಲಿ ರಾಷ್ಟ್ರೀಯ ಪ್ರಾಧಿಕಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಪ್ಯಾರಾ ಲೀಗಲ್ ವಾಲಂಟಿಯರ್ ಎಂಬ ಯೋಜನೆ ತಂದಿತು. ವಕೀಲರಲ್ಲದ ಸಾಮಾನ್ಯರಿಗೆ ತರಬೇತಿ ಕೊಟ್ಟು, ಜನರಿಗೂ ಕಚೇರಿಗಳಿಗೂ ನಡುವೆ ಸೇತುವೆ ಮಾಡುವುದು ಅದರ ಉದ್ದೇಶ. ನಿವೃತ್ತ ಶಿಕ್ಷಕರು, ನಿವೃತ್ತ ನೌಕರರು, ಅಂಗನವಾಡಿ ಕಾರ್ಯಕರ್ತೆಯರು, ವಿದ್ಯಾರ್ಥಿಗಳು ಯಾರು ಬೇಕಾದರೂ ಆಗಬಹುದು. ನಮ್ಮಲ್ಲಿ ಮಾಸ್ತರರು ಆ ತರಬೇತಿ ಪಡೆದವರು. ನಾವಿಬ್ಬರು ಅವರ ಕೈಕೆಳಗೆ ಕಲಿತವರು. ಕೋರ್ಟಿನ ವಿಷಯ ಬಂದರೆ ನಾವು ಬಾಯಿ ಹಾಕುವುದಿಲ್ಲ. ಜಮಖಂಡಿಯ ಸಮಿತಿಗೆ ಕಳಿಸಿಬಿಡುತ್ತೇವೆ.

ಹತ್ತು ನಿಮಿಷದ ಕೆಲಸ

ಈಗ ನನ್ನ ತಪ್ಪಿನ ಕಥೆ.

ಎರಡು ವರ್ಷದ ಹಿಂದಿನ ಏಪ್ರಿಲ್ ತಿಂಗಳು. ಬಿಸಿಲು ಸುಡುತ್ತಿತ್ತು. ಗುರುವಾರ ಹನ್ನೆರಡೂವರೆಯ ಸುಮಾರಿಗೆ ಇಬ್ಬರು ಹೆಣ್ಣುಮಕ್ಕಳು ಬಂದರು. ಅತ್ತೆಗೆ ಅರವತ್ತು ದಾಟಿತ್ತು. ಸೊಸೆಗೆ ಮೂವತ್ತೂ ಆಗಿರಲಿಕ್ಕಿಲ್ಲ. ಜೊತೆಗೆ ಏಳು ವರ್ಷದ ಹುಡುಗಿ. ನದಿ ಕಡೆಯ ಒಂದು ಹಳ್ಳಿಯವರು.

"ಯಪ್ಪಾ, ವಿಧವಾ ಪಗಾರದ ಅರ್ಜಿ ಇಲ್ಲೇ ಬರಿತಾರಂತಲ್ರಿ?" ಎಂದಳು ಮುದುಕಿ.

ಮಗ ಕಬ್ಬಿನ ಟ್ರ್ಯಾಕ್ಟರ್ ಚಾಲಕ. ಜನವರಿಯಲ್ಲಿ ಜಡ್ಡು ಬಿದ್ದು ಎಂಟೇ ದಿನದಲ್ಲಿ ತೀರಿಕೊಂಡಿದ್ದ. ಮಾಸ್ತರರು ಅಂದು ಬಾಗಲಕೋಟೆಗೆ ಹೋಗಿದ್ದರು. ಹೊರಗೆ ಇನ್ನೂ ನಾಲ್ಕೈದು ಮಂದಿ ಕಾಯುತ್ತಿದ್ದರು. ಒಂದಕ್ಕೆ ಎದ್ದು ನಾನು ಊಟಕ್ಕೆ ಹೋಗಬೇಕಿತ್ತು. ಮರಣ ಪ್ರಮಾಣ ಪತ್ರ ಇದೆಯೇ? ಇದೆ. ಆಧಾರ್, ರೇಷನ್ ಕಾರ್ಡು? ಇವೆ. ಆದಾಯ ಪ್ರಮಾಣ ಪತ್ರ? ಇಲ್ಲ. ಅದನ್ನು ಹೇಗೆ ಮಾಡಿಸಬೇಕು, ನಾಡಕಚೇರಿಯಲ್ಲಿ ಯಾವ ಕಿಟಕಿಗೆ ಹೋಗಬೇಕು ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಟ್ಟೆ. ಅವರು ತಂದಿದ್ದ ಕಾಗದಗಳನ್ನೆಲ್ಲ ಎದುರಿನ ಅಂಗಡಿಯಲ್ಲಿ ಎರಡೆರಡು ಝೆರಾಕ್ಸ್ ಮಾಡಿಸಿದೆ. ಒಂದು ಸೆಟ್ ಅವರಿಗೆ. ಇನ್ನೊಂದು ಸೆಟ್ ಅವಸರದಲ್ಲಿ ನನ್ನ ಚೀಲದಲ್ಲೇ ಉಳಿಯಿತು.

ಹತ್ತೇ ನಿಮಿಷ. ಮುದುಕಿ ಕೈ ಮುಗಿದಳು. ಸೊಸೆ ಬಂದಾಗಿನಿಂದ ಹೋಗುವವರೆಗೆ ಒಂದು ಮಾತೂ ಆಡಲಿಲ್ಲ, ನಾನೂ ಆಡಿಸಲಿಲ್ಲ. ನಾನು ಸಂತೋಷದಿಂದಲೇ ಊಟಕ್ಕೆ ಹೋದೆ.

ಅಂದು ಸಂಜೆ, ಬೇಸಿಗೆ ರಜೆಗೆ ಹುಬ್ಬಳ್ಳಿಯಿಂದ ಬಂದಿದ್ದ ನನ್ನ ಮೊಮ್ಮಗಳು ಚೀಲದಲ್ಲಿ ಪೆನ್ನು ಹುಡುಕುತ್ತಿದ್ದಳು. ಝೆರಾಕ್ಸ್ ಹಾಳೆಗಳು ಕೆಳಗೆ ಬಿದ್ದವು. ಇನ್ನೊಬ್ಬರ ಕಾಗದವನ್ನು ಮನೆಗೆ ತಂದದ್ದೇ ತಪ್ಪು. ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಹಾಳೆ ಜೋಡಿಸುತ್ತಾ ಅವಳು ಕೇಳಿದಳು:

"ಅಜ್ಜಾ, ಎಲ್ಲಾ ಸಾಲಿನಾಗೂ ಐದನೂರು, ಸಾವಿರ ಅದಾವು. ಇದೊಂದ ಯಾಕ 436?"

"ಏನೋ ಬ್ಯಾಂಕಿನ ಚಾರ್ಜು ಇರತೈತಿ, ಇಡು."

"ಚಾರ್ಜು ಅಲ್ಲ ಅಜ್ಜಾ. ಮುಂದ ಏನೋ ಇಂಗ್ಲಿಷಿನಾಗ ಐತಿ. ಪಿ, ಎಂ, ಜೆ, ಜೆ..."

ನಾನು ಕನ್ನಡಕ ಹುಡುಕಿದೆ. ಮೇ ತಿಂಗಳ ಕೊನೆಯ ತಾರೀಖು. 436 ರೂಪಾಯಿ ಖರ್ಚು. ಅದರ ಹಿಂದಿನ ವರ್ಷದ ಮೇ ತಿಂಗಳಲ್ಲೂ ಅದೇ 436. ಪ್ರಧಾನ ಮಂತ್ರಿ ಜೀವನ ಜ್ಯೋತಿ ಬಿಮಾ ಯೋಜನೆ.

ನನ್ನ ಕೈ ನಡುಗಿತು. ಮಕ್ಕಳಿಗಾಗಿ ಬಿಡಿಸಿ ಹೇಳುತ್ತೇನೆ. 2015ರಲ್ಲಿ ಶುರುವಾದ ಈ ವಿಮೆಗೆ 18ರಿಂದ 50 ವರ್ಷದ ಯಾವ ಖಾತೆದಾರರೂ ಸೇರಬಹುದು. ಮೊದಲು ವರ್ಷಕ್ಕೆ 330 ರೂಪಾಯಿ ಇತ್ತು. 2022ರ ಜೂನ್‌ನಿಂದ 436. ಪ್ರತಿ ವರ್ಷ ಮೇ ಕೊನೆಯಲ್ಲಿ ಖಾತೆಯಿಂದ ತಾನಾಗಿಯೇ ಕಟ್ಟಾಗುತ್ತದೆ. ಜೂನ್ 1ರಿಂದ ಮುಂದಿನ ಮೇ 31ರವರೆಗೆ ಆ ಮನುಷ್ಯ ಯಾವ ಕಾರಣಕ್ಕೆ ತೀರಿಕೊಂಡರೂ ಅವನು ಬರೆಸಿದ ವಾರಸುದಾರನಿಗೆ, ಅಂದರೆ ನಾಮಿನಿಗೆ, 2 ಲಕ್ಷ ರೂಪಾಯಿ. ಆದರೆ ಅದು ತಾನಾಗಿ ಮನೆ ಬಾಗಿಲಿಗೆ ಬರುವುದಿಲ್ಲ. ನಾಮಿನಿ ಹೋಗಿ ಕೇಳಬೇಕು. ಗೊತ್ತಿದ್ದರೆ ತಾನೆ ಕೇಳುವುದು?

ಆ ಹುಡುಗ ಖಾತೆ ತೆಗೆಯುವಾಗ ಎಲ್ಲೋ ಸಹಿ ಮಾಡಿದ್ದ. ಮನೆಯಲ್ಲಿ ಹೇಳಿರಲಿಲ್ಲ. ಬಹುಶಃ ಅವನಿಗೇ ನೆನಪಿರಲಿಲ್ಲ. ಅವನು ಸತ್ತದ್ದು ಜನವರಿಯಲ್ಲಿ. ವಿಮೆ ಜೀವಂತ ಇತ್ತು. ಆ ಪಾಸ್‌ಬುಕ್ಕನ್ನು ಮೂವತ್ತೇಳು ವರ್ಷ ಬ್ಯಾಂಕಿನಲ್ಲಿದ್ದ ನಾನು ಕೈಯಲ್ಲಿ ಹಿಡಿದಿದ್ದೆ. ಖಾತೆ ನಂಬರು ನೋಡಿದೆ, ಐಎಫ್‌ಎಸ್‌ಸಿ ನೋಡಿದೆ, ಮುಚ್ಚಿದೆ. ಅವರು ಪಗಾರದ ಅರ್ಜಿ ಕೇಳಿದರು. ನಾನು ಪಗಾರದ ಅರ್ಜಿಗೆ ಉತ್ತರ ಕೊಟ್ಟೆ. ಕೌಂಟರಿನ ಬುದ್ಧಿ ನಿವೃತ್ತಿಯಾಗಿ ಇಷ್ಟು ವರ್ಷವಾದರೂ ಹೋಗಿರಲಿಲ್ಲ.

ಹುಡುಕಾಟ

ಅವರ ಫೋನ್ ನಂಬರನ್ನು ನಾನು ಕೇಳಿರಲಿಲ್ಲ. ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಊರಿನ ಹೆಸರಷ್ಟೇ ಇತ್ತು. ಮರುದಿನ ಬೆಳಿಗ್ಗೆ ಅಜ್ಜ ಮೊಮ್ಮಗಳು ಬಸ್ಸು ಹತ್ತಿದೆವು. ಅವಳಿಗೆ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್, ನನಗೆ ಹಿರಿಯ ನಾಗರಿಕರ ರಿಯಾಯಿತಿ. ಊರು ತಲುಪಿ ವಿಚಾರಿಸಿದರೆ ಅವರ ವಾಸ ಊರೊಳಗಲ್ಲ, ತೋಟದ ವಸ್ತಿಯಲ್ಲಿ. ಕಬ್ಬಿನ ನಡುವಿನ ದಾರಿಯಲ್ಲಿ ಒಂದು ತಾಸು ನಡೆದು ಹೋದರೆ ಬಾಗಿಲಿಗೆ ಬೀಗ. ಪಕ್ಕದ ಹೊಲದವರು ಹೇಳಿದರು: "ಅಕಿ ಸೊಸಿ ತವರಮನಿಗೆ ಹೋಗ್ಯಾಳ್ರಿ. ಅಲ್ಲಿಂದ ಗೋವಾಕ್ಕ ದುಡಿಯಾಕ ಹೊಂಟಾರಂತ. ಮುದುಕಿ, ಹುಡುಗಿನೂ ಕೂಡ ಹೋಗ್ಯಾರ."

ತವರು ಬೀಳಗಿ ತಾಲ್ಲೂಕಿನ ಒಂದು ಪುನರ್ವಸತಿ ಕೇಂದ್ರ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಊರು ಮುಳುಗಿದ ಮೇಲೆ ಎತ್ತರದಲ್ಲಿ ಕಟ್ಟಿಕೊಂಡ ಊರು. ಮರುದಿನ ಸುದ್ದಿ ಕೇಳಿದ ಮಾಸ್ತರರು ನನಗೆ ಬೈಯಲಿಲ್ಲ. ತಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಫೋನ್ ಮಾಡಿ, ಅವನ ಮೂಲಕ ಇನ್ನೊಬ್ಬನಿಗೆ ಫೋನ್ ಮಾಡಿಸಿ ಸಂಜೆಯೊಳಗೆ ಮನೆ ಪತ್ತೆ ಮಾಡಿದರು. ಮಾಸ್ತರರ ಶಿಷ್ಯರು ಇಲ್ಲದ ಊರು ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಇರಲಾರದು.

ನಾವು ಹೋದಾಗ ಅಂಗಳದಲ್ಲಿ ಗಂಟು ಕಟ್ಟಿದ್ದವು. ಇನ್ನು ಮೂರು ದಿನಕ್ಕೆ ಹೊರಡುವವರಿದ್ದರು. ಹುಡುಗಿಯ ಶಾಲೆಯ ಮಾತು ಕೇಳಿದೆ. "ದುಡಿಯೋದ ಮುಖ್ಯ ಅಲ್ಲೇನ್ರಿ" ಎಂದಳು ಸೊಸೆ. ನಾನು ಕೇಳಿದ ಅವಳ ಮೊದಲ ಮಾತು ಅದು.

ಆ ದಿನ ನಾನು ಜಮಖಾನೆಯ ಮೇಲೆ ಕುಳಿತು ಎರಡು ತಾಸು ಕೇಳಿದೆ. ಹತ್ತು ನಿಮಿಷದಲ್ಲಿ ತಿಳಿಯದ್ದು ಎರಡು ತಾಸಿನಲ್ಲಿ ತಿಳಿಯಿತು. ಆಸ್ಪತ್ರೆಗೆ ಮಾಡಿದ ಕೈಗಡ ಅರವತ್ತು ಸಾವಿರ. ಟ್ರ್ಯಾಕ್ಟರ್ ಮಾಲೀಕನಿಂದ ಎರಡು ತಿಂಗಳ ಪಗಾರ ಬರುವುದಿತ್ತು. ಸೊಸೆಗೆ ಹೊಲಿಗೆ ಬರುತ್ತಿತ್ತು. ಇಷ್ಟೆಲ್ಲ ಅವರ ಬಾಯಲ್ಲೇ ಇತ್ತು, ಕೇಳುವವರು ಬೇಕಾಗಿದ್ದರು.

ಬ್ಯಾಂಕಿನಲ್ಲಿ

ಅರ್ಜಿ, ಮರಣ ಪ್ರಮಾಣ ಪತ್ರ, ನಾಮಿನಿಯ ಆಧಾರ್ ಮತ್ತು ಪಾಸ್‌ಬುಕ್ಕು ಎಲ್ಲ ಜೋಡಿಸಿಕೊಂಡು ಬ್ಯಾಂಕಿಗೆ ಹೋದೆವು. ಯಾವ ಬ್ಯಾಂಕು ಎಂಬುದು ಬೇಡ. ಅಲ್ಲಿನ ತರುಣ ನೌಕರ, "ಮೂವತ್ತು ದಿನದೊಳಗ ಬರಬೇಕಿತ್ರಿ. ಈಗ ಆಗೂದಿಲ್ಲ" ಎಂದ. ಅವನ ಹಿಂದೆ ದೊಡ್ಡ ಸಾಲು ಇತ್ತು. ಅವನಲ್ಲಿ ನನಗೆ ನಾನೇ ಕಂಡೆ. ಸಿಟ್ಟು ಬರಲಿಲ್ಲ.

ಮಾಸ್ತರರು ಮೆತ್ತಗೆ ಹೇಳಿದರು: "ಆಗೂದಿಲ್ಲ ಅನ್ನೂದನ್ನ ಒಂದು ಹಾಳೆ ಮ್ಯಾಲ ಬರದ ಕೊಡ್ರಿ ತಮ್ಮಾ. ಕಾರಣಾನೂ ಬರೀರಿ. ನಾವು ಹೋಗ್ತೀವಿ."

ಅವನು ಒಳಗೆ ಹೋಗಿ ಮ್ಯಾನೇಜರನ್ನು ಕೇಳಿ ಬಂದ. ತಡವಾದುದಕ್ಕೆ ಕಾರಣ ಬರೆದು ಒಂದು ಪತ್ರ ಲಗತ್ತಿಸಲು ಹೇಳಿದರು. ಅರ್ಜಿ ತೆಗೆದುಕೊಂಡರು. ನಮ್ಮ ಪ್ರತಿಯ ಮೇಲೆ ಸೀಲು ಹಾಕಿ ಸಹಿ ಮಾಡಿಕೊಟ್ಟರು. ಎಲ್ಲಿಯೇ ಅರ್ಜಿ ಕೊಟ್ಟರೂ ಸೀಲು ಬಿದ್ದ ಪ್ರತಿ ಇಲ್ಲದೆ ಹೊರಗೆ ಬರಬೇಡಿ ಎಂದು ನಾವು ಎಲ್ಲರಿಗೂ ಹೇಳುತ್ತೇವೆ. ಬಾಯಿಂದ "ಇಲ್ಲ" ಅನ್ನುವುದು ಸುಲಭ, ಬರೆದು "ಇಲ್ಲ" ಅನ್ನಬೇಕಾದರೆ ನಿಯಮ ತೆಗೆದು ನೋಡಲೇಬೇಕಾಗುತ್ತದೆ.

ಇಲ್ಲಿ ಇನ್ನೊಂದು ತೊಡಕು ಎದುರಾಯಿತು. ಖಾತೆ ತೆಗೆದದ್ದು ಮದುವೆಗೆ ಮೊದಲು. ನಾಮಿನಿಯ ಜಾಗದಲ್ಲಿ ಇದ್ದದ್ದು ಹೆಂಡತಿಯ ಹೆಸರಲ್ಲ, ತಾಯಿಯ ಹೆಸರು. ಹಣ ಬಂದರೆ ಮುದುಕಿಯ ಖಾತೆಗೆ ಬರುತ್ತದೆ. ಸೊಸೆ ತಲೆ ತಗ್ಗಿಸಿದಳು. ಹೊರಗೆ ಬಂದ ಮೇಲೆ ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ನನ್ನ ನಾಲಿಗೆಯ ತುದಿಗೆ ಮಾತು ಬಂದಿತ್ತು: "ಯವ್ವಾ, ಅರ್ಧ ಸೊಸಿಗೆ ಕೊಡು." ಮಾಸ್ತರರು ನನ್ನ ಮೊಣಕೈ ಹಿಡಿದರು. ಸಲಹೆ ಕೊಡುವವನು ತೀರ್ಪು ಕೊಡಬಾರದು ಎಂಬುದು ಅವರ ತರಬೇತಿಯ ಪಾಠ. ಹಣ ಅವರದು, ಮನೆ ಅವರದು, ನಾಳೆ ಒಂದೇ ಒಲೆಯ ಮುಂದೆ ಕೂಡಬೇಕಾದವರೂ ಅವರೇ. ನಾವು ಮಾಡಿದ್ದಿಷ್ಟೇ: ಇಬ್ಬರನ್ನೂ ಕೂಡ್ರಿಸಿ, ಏನೇನು ದಾರಿಗಳಿವೆ ಎಂದು ಹೇಳಿದೆವು. ಕೈಗಡ ಎಷ್ಟಿದೆ. ಹತ್ತು ವರ್ಷದೊಳಗಿನ ಹೆಣ್ಣುಮಗುವಿನ ಹೆಸರಿನಲ್ಲಿ ಪೋಸ್ಟ್ ಆಫೀಸಿನಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆಯಬಹುದು. ವರ್ಷಕ್ಕೆ ಕನಿಷ್ಠ 250 ರೂಪಾಯಿ ತುಂಬಿದರೂ ಸಾಕು. ಮುದುಕಿಯ ಔಷಧಕ್ಕೂ ಹಣ ಬೇಕು. ಮನಸ್ತಾಪವಾದರೆ ಉಚಿತವಾಗಿ ಮಾತನಾಡಿಸಲು ತಾಲ್ಲೂಕು ಸಮಿತಿ ಇದೆ. ಇಷ್ಟು ಹೇಳಿ ಸುಮ್ಮನಾದೆವು.

ಸುಮ್ಮನಿರುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ.

ಸುಮಾರು ಎರಡು ತಿಂಗಳಿಗೆ ಹಣ ಬಂತು. ಆ ಸೋಮವಾರ ಮೂವರೂ ಪಡಸಾಲೆಗೆ ಬಂದರು. ಮುದುಕಿ ತಾನೇ ಹೇಳಿದಳು: "ಅರವತ್ತ ಸಾವಿರ ಕೈಗಡ ಮುಟ್ಟಿಸಿದ್ಯಾ. ಐವತ್ತು ಹುಡುಗಿ ಹೆಸರಿಲೆ ಇಡತೀನಿ. ಇಕಿಗೊಂದ ಹೊಲಗಿ ಮಷೀನು. ಉಳದಿದ್ದು ನನ್ನ ಕಡೆನ ಇರಲಿ. ನಾ ಸತ್ತರ ಇಕಿಗೆ ಬರಂಗ ಇಕಿ ಹೆಸರ ಹಾಕ್ರಿ." ಅಂದೇ ಮುದುಕಿಯ ಖಾತೆಗೆ ಸೊಸೆಯನ್ನು ನಾಮಿನಿ ಮಾಡಿಸಿದೆವು. ವಿಧವಾ ಪಗಾರವೂ ಮಂಜೂರಾಯಿತು. ಟ್ರ್ಯಾಕ್ಟರ್ ಮಾಲೀಕ ಮಾತ್ರ ಎರಡು ತಿಂಗಳ ಪಗಾರದಲ್ಲಿ ಒಂದು ತಿಂಗಳದ್ದಷ್ಟೇ ಕೊಟ್ಟ. ಉಳಿದದ್ದಕ್ಕೆ ಇನ್ನೂ ಓಡಾಟ ನಡೆದಿದೆ.

ಇಂದಿನ ದಿನಮಾನದಲ್ಲಿ ಎರಡು ಲಕ್ಷ ದೊಡ್ಡ ಹಣವಲ್ಲ. ಸತ್ತ ಮಗನನ್ನು ಅದು ತರಲಿಲ್ಲ. ಆದರೆ ಗಂಟು ಬಿಚ್ಚಿದರು, ಗೋವಾಕ್ಕೆ ಹೋಗಲಿಲ್ಲ. ಹುಡುಗಿ ಶಾಲೆಗೆ ಹೋಗುತ್ತಿದ್ದಾಳೆ.

ಈಗ ನಾವು ಮಾಡುವುದು

ಆ ಪ್ರಕರಣದ ಮೇಲೆ ಪಡಸಾಲೆಯ ನಿಯಮ ಬದಲಾದವು. ಬಂದವರಿಗೆ ಮೊದಲು ನೀರು, ಆಮೇಲೆ "ಏನಾಗೇತಿ, ಮೊದಲಿಂದ ಹೇಳ್ರಿ". ಅವರು ಮುಗಿಸುವವರೆಗೆ ನಾವು ಪೆನ್ನು ಮುಟ್ಟುವುದಿಲ್ಲ. ಜೊತೆಗೆ ಬಂದು ಸುಮ್ಮನೆ ಕುಳಿತವರನ್ನೂ ಮಾತನಾಡಿಸುತ್ತೇವೆ. ಕಾಗದಗಳನ್ನೆಲ್ಲ ಜಮಖಾನೆಯ ಮೇಲೆ ಹರಡಿ ಅವರೊಂದಿಗೇ ಓದುತ್ತೇವೆ. ಪಾಸ್‌ಬುಕ್ಕಾದರೆ ಎರಡು ವರ್ಷದ ಎಲ್ಲ ಸಾಲು. ಕೊನೆಗೆ "ಇನ್ನೇನಾರ ಐತೇನ್ರಿ?" ಎಂದು ಒಮ್ಮೆ ಕೇಳುತ್ತೇವೆ. ಎಷ್ಟೋ ಸಲ ನಿಜವಾದ ಕಷ್ಟ ಆ ಪ್ರಶ್ನೆಯ ನಂತರವೇ ಹೊರಬರುತ್ತದೆ. ಅವರ ಫೋನ್ ನಂಬರು ಬರೆದುಕೊಳ್ಳುತ್ತೇವೆ. ಅವರ ಕಾಗದ ಒಂದೂ ನಮ್ಮ ಮನೆಗೆ ಬರುವುದಿಲ್ಲ.

ಎಲ್ಲವೂ ಗೆಲ್ಲುವುದಿಲ್ಲ. ಕಳೆದ ದೀಪಾವಳಿ ಸುಮಾರಿಗೆ ಒಬ್ಬ ನಿವೃತ್ತರು ಬಂದರು. "ಬ್ಯಾಂಕಿನಿಂದ ಮಾತಾಡ್ತೀವಿ" ಎಂದವರಿಗೆ ಒಟಿಪಿ ಹೇಳಿ ಮೂರು ದಿನ ಕಳೆದಿತ್ತು. ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. 1930ಕ್ಕೆ ಫೋನ್ ಮಾಡಿಸಿದೆವು, ದೂರು ದಾಖಲಿಸಿದೆವು. ಹಣ ಅಷ್ಟರಲ್ಲಿ ಕೈ ದಾಟಿ ಹೋಗಿತ್ತು. ಮೊದಲ ಒಂದೆರಡು ತಾಸಿನಲ್ಲೇ ಹೇಳಿದ್ದರೆ ತಡೆಯುವ ದಾರಿ ಇತ್ತು. ಮೋಸ ಹೋದದ್ದು ನಾಚಿಕೆಯಲ್ಲ. ಮುಚ್ಚಿಟ್ಟರೆ ಮೋಸ ಮಾಡಿದವನಿಗೆ ಲಾಭ.

ಮಕ್ಕಳೇ, ಈ ಭಾನುವಾರ ನಿಮಗೊಂದು ಕೆಲಸ

ಅಜ್ಜ ಅಜ್ಜಿ, ಅಪ್ಪ ಅವ್ವ ಎಲ್ಲರನ್ನೂ ಕೂಡ್ರಿಸಿಕೊಳ್ಳಿ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಅವರ ಒಪ್ಪಿಗೆ ಕೇಳಿ ಈ ಕೆಳಗಿನವನ್ನು ನೋಡಿ.

1. ಪಾಸ್‌ಬುಕ್ಕಿನಲ್ಲಿ ಮೇ, ಜೂನ್ ತಿಂಗಳ ಸಾಲು ಹುಡುಕಿ. 436 ಇದ್ದರೆ ಜೀವನ ಜ್ಯೋತಿ ವಿಮೆ. 20 ಇದ್ದರೆ ಸುರಕ್ಷಾ ಬಿಮಾ. ಅಪಘಾತದಲ್ಲಿ ಸಾವಾದರೆ ಅದರಲ್ಲೂ 2 ಲಕ್ಷ. ಇವೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ.

2. ಪ್ರತಿ ಖಾತೆಯ ನಾಮಿನಿ ಯಾರು? ಮದುವೆಗೆ ಮೊದಲು ಬರೆಸಿದ ಹೆಸರೇ ಇದೆಯೇ? ತೀರಿಕೊಂಡವರ ಹೆಸರು ಉಳಿದಿದೆಯೇ? ಒಂದು ಅರ್ಜಿಯಿಂದ ಬದಲಿಸಬಹುದು.

3. ಹಳೆಯ ಪಾಸ್‌ಬುಕ್ಕುಗಳನ್ನು ಎಸೆಯಬೇಡಿ. ಹತ್ತು ವರ್ಷ ವ್ಯವಹಾರವಿಲ್ಲದ ಖಾತೆಯ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಹೋದರೂ ಅದು ನಿಮ್ಮದೇ, ಬ್ಯಾಂಕಿಗೆ ಅರ್ಜಿ ಕೊಟ್ಟು ಪಡೆಯಬಹುದು. ಹುಡುಕಲು 2023ರಿಂದ ರಿಸರ್ವ್ ಬ್ಯಾಂಕಿನ ಉದ್ಗಮ್ ಎಂಬ ಪೋರ್ಟಲ್ ಇದೆ.

4. ಮನೆಯಲ್ಲಿ ಯಾರಾದರೂ ತೀರಿಕೊಂಡರೆ 21 ದಿನದೊಳಗೆ ನೋಂದಣಿ ಮಾಡಿಸಿ. ಆಗ ಶುಲ್ಕವಿಲ್ಲ. ಮುಂದಿನ ಎಲ್ಲ ಅರ್ಜಿಗೂ ಆ ಪ್ರಮಾಣ ಪತ್ರವೇ ಬೇರು.

5. ಈ ನಂಬರುಗಳನ್ನು ಅಡುಗೆಮನೆಯ ಬಾಗಿಲಿಗೆ ಬರೆದು ಅಂಟಿಸಿ. ಉಚಿತ ಕಾನೂನು ನೆರವು 15100. ಸೈಬರ್ ವಂಚನೆ 1930. ಗ್ರಾಹಕರ ದೂರು 1915. ಹಿರಿಯ ನಾಗರಿಕರ ಸಹಾಯವಾಣಿ 14567. ಮಕ್ಕಳ ಸಹಾಯವಾಣಿ 1098.

ಒಟಿಪಿ, ಪಿನ್ ಮಾತ್ರ ಆ ನೋಟ್‌ಬುಕ್ಕಿನಲ್ಲಿ ಬರೆಯಬೇಡಿ. ಯಾರಿಗೂ ಹೇಳಲೂ ಬೇಡಿ.

ಇನ್ನು ನನ್ನ ವಾರಿಗೆಯವರಿಗೆ ಒಂದು ಮಾತು. ನಾವು ದುಡಿದ ಕಚೇರಿಗಳ ಒಳದಾರಿ ನಮಗೆ ಗೊತ್ತಿದೆ. ಅಂಚೆಯಲ್ಲಿದ್ದವರು, ಕೆಇಬಿಯಲ್ಲಿದ್ದವರು, ಶಾಲೆಯಲ್ಲಿದ್ದವರು ಪ್ರತಿ ಊರಲ್ಲೂ ಇದ್ದೀರಿ. ವಾರಕ್ಕೆ ಎರಡು ದಿನ, ಮೂರು ತಾಸು, ಒಂದು ಜಮಖಾನೆ ಸಾಕು. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ತರಬೇತಿ ಯಾವಾಗ ಎಂದು ವಿಚಾರಿಸಿ. ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ, ಗೊತ್ತಿರುವವರ ಕಡೆ ಕರಕೊಂಡು ಹೋಗ್ತೀನಿ" ಎಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಮೊನ್ನೆ ರಜೆಗೆ ಬಂದ ಮೊಮ್ಮಗಳು ಕೇಳಿದಳು: "ಅಜ್ಜಾ, ಈಗ ನೀ ಎಲ್ಲಾ ಸಾಲು ಓದ್ತೀಯೇನು?"

"ಓದ್ತೀನಿ ತಾಯಿ," ಎಂದೆ. "ಕನ್ನಡಕಾ ಹಾಕ್ಕೊಂಡ ಓದ್ತೀನಿ."